ಹನಿ ಕೂಡುವ ತಗ್ಗು

‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆಯನ್ನು ಉಳಿತಾಯದ ಪಾಠವಾಗಿ ಹೇಳಿಕೊಡುವುದು ರೂಢಿ. ಬಳ್ಳವೆಂದರೆ ಧಾನ್ಯ ಅಳೆಯುವ ಮಾಪು. ಒಂದೊಂದೇ ತೆನೆ ಸೇರಿ ಅದು ತುಂಬುತ್ತದೆಂಬುದು ಮೇಲ್ನೋಟದ ಅರ್ಥ. ಆದರೆ ಹನಿಗಳು ತಾವಾಗಿ ಕೂಡುವುದಿಲ್ಲ, ಅವನ್ನು ಕೂಡಿಸುವ ತಗ್ಗು ನೆಲದಲ್ಲಿರಬೇಕು ಎಂಬುದು ಗಾದೆ ಬಾಯಿಬಿಟ್ಟು ಹೇಳದ ಮಾತು. ಖಾನಾಪುರದ ಕಾಡಿನಲ್ಲಿ ಸುರಿದ ಮಳೆ ಕಣಕುಂಬಿಯಲ್ಲಿ ಮಲಪ್ರಭೆಯಾಗುವುದು ಅಂಥ ತಗ್ಗಿನಿಂದಲೇ. ತಗ್ಗು ಸಾಲದಿದ್ದರೆ ಕೂಡಿದ ನೀರೇ ಹಾನಿ ಮಾಡುತ್ತದೆ: ಬೆಳಗಾವಿಯ ಬಳ್ಳಾರಿ ನಾಲೆಯಲ್ಲಿ ಹಿಡಿಸದೆ ನೀರು ಉಕ್ಕಿದಾಗ ಅನಗೋಳ, ಯಳ್ಳೂರು, ಶಹಾಪುರಗಳ ಭತ್ತದ ಗದ್ದೆಗಳು ಮುಳುಗುತ್ತವೆ.

ಬೆಳಗಾವಿ ಜಿಲ್ಲೆಯ ಸಂಕೇಶ್ವರ ಮೂಲದ ಉದ್ಯಮಿ ಗುರುರಾಜ ದೇಶಪಾಂಡೆಯವರ ವೃತ್ತಿಜೀವನವನ್ನು ಈ ಅರ್ಥದಲ್ಲಿಯೇ ಓದಬೇಕು. ಮದರಾಸಿನ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ, ಕೆನಡಾದಲ್ಲಿ ಡಾಕ್ಟರೇಟ್ ಪಡೆದು ಅಮೆರಿಕಕ್ಕೆ ಹೋದ ಅವರು 1990ರಲ್ಲಿ ಸ್ಥಾಪಿಸಿದ ಕ್ಯಾಸ್ಕೇಡ್ ಕಮ್ಯುನಿಕೇಶನ್ಸ್, ಫ್ರೇಮ್ ರಿಲೇ ಸ್ವಿಚ್‌ಗಳನ್ನು ತಯಾರಿಸುತ್ತಿತ್ತು. ಮಾಹಿತಿಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಅದು ಸೇರಬೇಕಾದ ಕಡೆಯ ಗುರುತನ್ನು ಕಟ್ಟಿ, ಪ್ರತಿಯೊಬ್ಬ ಗ್ರಾಹಕನಿಗೂ ಬೇರೆ ತಂತಿ ಹಾಕದೆ ಎಲ್ಲರ ತುಂಡುಗಳನ್ನೂ ಒಂದೇ ಮಾರ್ಗದಲ್ಲಿ ಸಾಗಿಸುವ ವಿಧಾನಕ್ಕೆ ಫ್ರೇಮ್ ರಿಲೇ ಎಂದು ಹೆಸರು. ಹನಿ ಕೂಡಿಸುವ ಕೆಲಸವನ್ನು ಇಲ್ಲಿ ಯಂತ್ರ ಮಾಡಿತು. 1997ರಲ್ಲಿ ಅಸೆಂಡ್ ಕಂಪನಿ ಕ್ಯಾಸ್ಕೇಡನ್ನು ಸುಮಾರು 3.7 ಶತಕೋಟಿ ಡಾಲರಿಗೆ ಕೊಂಡಿತು. ಮರುವರ್ಷ ದೇಶಪಾಂಡೆಯವರು ಇತರರೊಡನೆ ಹುಟ್ಟುಹಾಕಿದ ಸಿಕಮೋರ್ ನೆಟ್‌ವರ್ಕ್ಸ್ 1999ರಲ್ಲಿ ಷೇರುಪೇಟೆಗೆ ಬಂದು ಆಕಾಶಕ್ಕೇರಿ, ದೂರಸಂಪರ್ಕ ಕಂಪನಿಗಳು ಉಪಕರಣಗಳ ಖರೀದಿಯನ್ನು ಕೈಬಿಟ್ಟಾಗ ನೆಲಕ್ಕಿಳಿಯಿತು. 2013ರಲ್ಲಿ ಷೇರುದಾರರೇ ಅದರ ವಿಸರ್ಜನೆಗೆ ಒಪ್ಪಿದರು. ಕೂಡಿದ್ದೆಲ್ಲ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನಂಥ ಹೊಸ ಕಂಪನಿಗಳಿಗೆ ದೇಶಪಾಂಡೆಯವರು ಬಂಡವಾಳ ಹಾಕಿದರು. 2002ರಲ್ಲಿ ಪತ್ನಿ ಜಯಶ್ರೀಯವರೊಡನೆ ಕೊಟ್ಟ 2 ಕೋಟಿ ಡಾಲರ್ ದೇಣಿಗೆಯಿಂದ ಅಮೆರಿಕದ ಎಂಐಟಿಯಲ್ಲಿ ದೇಶಪಾಂಡೆ ಕೇಂದ್ರ ಆರಂಭವಾಯಿತು. ಪ್ರಯೋಗಶಾಲೆಯ ಶೋಧಕ್ಕೆ ಸಣ್ಣ ಮೊತ್ತದ ಅನುದಾನ ಕೊಡುವುದರ ಜೊತೆಗೆ, ಮಾರುಕಟ್ಟೆಯನ್ನು ಬಲ್ಲ ಅನುಭವಿಯೊಬ್ಬರನ್ನು ಸಂಶೋಧಕರ ಬೆನ್ನಿಗೆ ನಿಲ್ಲಿಸುವುದು ಅದರ ಕ್ರಮ. ಈ ಎರಡನೆಯದೇ ಹೆಚ್ಚು ಬೆಲೆಯದು. ಬೆಳಗಾವಿಯಲ್ಲಿ ಅನಗೋಳಕ್ಕೆ ಹೊಂದಿಕೊಂಡ ಉದ್ಯಮಬಾಗದ ಎರಕದ ಮತ್ತು ಲೇತ್ ಕೆಲಸದ ಸಣ್ಣ ಕಾರ್ಖಾನೆಗಳಿಗೂ ಸಾಲಕ್ಕಿಂತ ಮೊದಲು ಬೇಕಾಗುವುದು ಅಂಥ ಜೊತೆಗಾರಿಕೆ.

2007ರಿಂದ ಅವರ ದೇಶಪಾಂಡೆ ಪ್ರತಿಷ್ಠಾನ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನಡೆಸಿದ ಕೆಲಸದಲ್ಲಿ ಗಾದೆ ಅಕ್ಷರಶಃ ನೆಲಕ್ಕಿಳಿದಿದೆ. ನವಲಗುಂದದ ಕಡೆಯ ಎರೆಭೂಮಿಯಲ್ಲಿ ತೋಡಿದ ಕೃಷಿಹೊಂಡಗಳಿಗೆ ರೈತರೂ ವೆಚ್ಚದ ಒಂದು ಪಾಲು ಹಾಕಿದರು. ಒಂದು ಎಕರೆಯ ಮೇಲೆ ಬಿದ್ದ ಒಂದು ಸೆಂಟಿಮೀಟರ್ ಮಳೆಯೆಂದರೆ ಸುಮಾರು 40,000 ಲೀಟರ್ ನೀರು. ಅದರಲ್ಲಿ ಹರಿದುಹೋಗುವ ಪಾಲನ್ನು ಹೊಂಡ ಹಿಡಿದರೆ, ಎರೆಮಣ್ಣು ಬೇಗ ಇಂಗಗೊಡದೆ ಇಟ್ಟುಕೊಳ್ಳುತ್ತದೆ, ಹಿಂಗಾರಿಯ ಕಡಲೆ ಬಾಡುವ ಹೊತ್ತಿಗೆ ಒಂದೆರಡು ಸಲ ನೀರುಣಿಸಬಹುದು. ನವಲಗುಂದ ಮಲಪ್ರಭೆಯ ಕಾಲುವೆಯ ಸೀಮೆಯೂ ಹೌದು. ಹೊಂಡ ತುಂಬಿತೆಂಬ ಕಾರಣಕ್ಕೆ ಕಾಲುವೆಯ ಕೊನೆಯ ಹೊಲದವರೆಗೆ ನೀರು ಮುಟ್ಟಿಸುವ ಸರಕಾರದ ಹೊಣೆ ತೀರುವುದಿಲ್ಲ. ದಾನಿಯ ಹಣ ಹೊಂಡ ತೋಡಬಲ್ಲದು, ನದಿಯ ನೀರನ್ನು ಹಂಚುವ ಅಧಿಕಾರವೂ ಕರ್ತವ್ಯವೂ ಅದಕ್ಕಿಲ್ಲ.