ಬೀಜದ ಪೂರ್ವಾಪರ

"ನಾವು ತಿನ್ನೋದು ಫಲವನ್ನ, ಅದು ಬಂದ ದಾರಿಯನ್ನಲ್ಲ." ಕುಲಾಂತರಿ ಬೆಳೆಗಳ ಕುರಿತು ಧಾರವಾಡದಲ್ಲಿ ನಡೆದ ಸಂವಾದವೊಂದರಲ್ಲಿ ನಿವೃತ್ತ ತಳಿ ವಿಜ್ಞಾನಿಯೊಬ್ಬರು ಹೀಗೆಂದು ಮಾತು ಮುಗಿಸಿದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ಮೈ ಉರಿಯಿತು. ಅವರು ದುಡ್ಡಿಗೆ ಮಾತಾಡುವವರಲ್ಲ. ಹತ್ತಿಯ ಹೂವನ್ನು ಒಂದೊಂದಾಗಿ ಬಿಡಿಸಿ ಪರಾಗ ಮುಟ್ಟಿಸುತ್ತ ಬೆನ್ನು ಬಗ್ಗಿಸಿಕೊಂಡ ಮನುಷ್ಯ. ಹಾಗಾಗಿಯೇ ಆ ಮಾತು ನನ್ನನ್ನು ಬಿಡಲಿಲ್ಲ. ತಪ್ಪು ಮಾತು ಒಳ್ಳೆಯವರ ಬಾಯಲ್ಲಿ ಬಂದಾಗ ಅದರ ಜೊತೆ ಜಗಳ ಆಡಲೇಬೇಕಾಗುತ್ತದೆ.

ಮಾತು ಅವರೊಬ್ಬರದೇ ಅಲ್ಲ. ಅಮೆರಿಕ 1986ರಲ್ಲಿ ಜೈವಿಕ ತಂತ್ರಜ್ಞಾನಕ್ಕೆ ನಿಯಂತ್ರಣದ ಚೌಕಟ್ಟು ಹಾಕಿಕೊಂಡಾಗ ನಂಬಿದ ಸೂತ್ರವೂ ಹೆಚ್ಚುಕಡಿಮೆ ಇದೇ: ತಯಾರಾದ ವಸ್ತುವನ್ನು ಪರೀಕ್ಷಿಸಿ, ತಯಾರಿಸಿದ ವಿಧಾನವನ್ನಲ್ಲ. ಮೇಲ್ನೋಟಕ್ಕೆ ಇದು ಎಷ್ಟು ಸರಳವಾಗಿದೆಯೆಂದರೆ, ಒಪ್ಪದವನು ಮೂಢನಂತೆ ಕಾಣುತ್ತಾನೆ.

ಒಪ್ಪದಿರಲು ಜನ ಸಾಮಾನ್ಯವಾಗಿ ಕೊಡುವ ಕಾರಣಗಳಲ್ಲಿ ನನಗೆ ಆಸಕ್ತಿಯಿಲ್ಲ. ಪ್ರಕೃತಿಗೆ ವಿರುದ್ಧ ಎನ್ನುವವರು ಸಾವಿರಾರು ವರ್ಷ ಮನುಷ್ಯ ತಿದ್ದಿ ತೀಡಿದ ಜೋಳವನ್ನೂ ಗೋಧಿಯನ್ನೂ ಮರೆಯುತ್ತಾರೆ. ದೇವರ ಕೆಲಸಕ್ಕೆ ಕೈಹಾಕಬಾರದು ಎನ್ನುವವರ ಜೊತೆ ವಾದ ಬೆಳೆಸುವುದು ಕಷ್ಟ. ಕುಲಾಂತರಿ ಆಹಾರದಿಂದ ಗಡ್ಡೆ ಬೆಳೆಯಿತೆನ್ನುವ ಇಲಿಗಳ ಚಿತ್ರ ಇನ್ನೂ ಮೊಬೈಲುಗಳಲ್ಲಿ ಓಡಾಡುತ್ತಿದೆ. ಆ ಚಿತ್ರದ ಮೂಲವಾದ 2012ರ ಫ್ರೆಂಚ್ ಪ್ರಬಂಧವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ ಮರುವರ್ಷ ಹಿಂತೆಗೆದುಕೊಂಡಿತು. ಇಷ್ಟು ಸಾಕು.

ತಳಿ ವಿಜ್ಞಾನಿಯ ವಾದವನ್ನು ಅದರ ಪೂರ್ಣ ಬಲದಲ್ಲಿ ಎದುರಿಸುತ್ತೇನೆ. ನಮ್ಮ ಕುಲಾಂತರಿ ಹತ್ತಿಗೆ, ಬದನೆಗೆ ಸೇರಿಸಿದ ಜೀನು ಬಂದದ್ದು ಬಿಟಿ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ. ಜಪಾನಿನ ಇಶಿವಾತಾ 1901ರಲ್ಲಿ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ ಅದನ್ನು ಕಂಡರು. ಹತ್ತು ವರ್ಷದ ನಂತರ ಜರ್ಮನಿಯ ಬರ್ಲಿನರ್ ಹಿಟ್ಟಿನ ಪತಂಗದ ಹುಳುವಿನಲ್ಲಿ ಅದನ್ನು ಗುರುತಿಸಿ, ತುರಿಂಗಿಯಾ ಪ್ರಾಂತ್ಯದ ಹೆಸರಿಟ್ಟರು. ಅದರ ಪ್ರೋಟೀನು ಹುಳುವಿನ ಕ್ಷಾರೀಯ ಕರುಳಿನಲ್ಲಿ ಕರಗಿ, ಅಲ್ಲಿನ ಗ್ರಾಹಿಗಳಿಗೆ ಅಂಟಿಕೊಂಡು, ಗೋಡೆಗೆ ತೂತು ಕೊರೆಯುತ್ತದೆ. ನಮ್ಮ ಜಠರ ಆಮ್ಲದ್ದು. ಆ ಗ್ರಾಹಿಗಳೂ ನಮ್ಮ ಕರುಳಿನಲ್ಲಿಲ್ಲ. ಸಾವಯವ ಕೃಷಿಕರು ಇದೇ ಬ್ಯಾಕ್ಟೀರಿಯಾವನ್ನು ದಶಕಗಳಿಂದ ಬೆಳೆಗೆ ಸಿಂಪಡಿಸುತ್ತ ಬಂದಿದ್ದಾರೆ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2016ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಆಗ ಮಾರುಕಟ್ಟೆಯಲ್ಲಿದ್ದ ಕುಲಾಂತರಿ ಆಹಾರ ಸಾಮಾನ್ಯ ಆಹಾರಕ್ಕಿಂತ ಆರೋಗ್ಯಕ್ಕೆ ಹೆಚ್ಚು ಅಪಾಯಕಾರಿ ಎನ್ನಲು ಆಧಾರ ಸಿಗಲಿಲ್ಲ ಎಂದವು. ಇದನ್ನು ನಾನು ಒಪ್ಪುತ್ತೇನೆ, ಗೊಣಗದೆ ಒಪ್ಪುತ್ತೇನೆ.

ಅವರ ಇನ್ನೊಂದು ಪೆಟ್ಟು ಇದಕ್ಕಿಂತ ಜೋರು. ಉತ್ತರ ಕರ್ನಾಟಕದಲ್ಲಿ ಬೆಳೆಯುವ ಟಿಎಜಿ-24 ಶೇಂಗಾ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದಿಂದ ಬಂದದ್ದು. ವಿಕಿರಣದಿಂದ ವಂಶವಾಹಿಗಳನ್ನು ಕದಡಿ ಪಡೆದ ತಳಿಗಳ ಸಂತತಿ. ಎಲ್ಲೆಲ್ಲಿ ಏನೇನು ಮುರಿದಿದೆ ಎಂದು ಆಗ ಯಾರೂ ನೋಡಿರಲಿಲ್ಲ. ನಮ್ಮ ಮನೆಯ ಶೇಂಗಾ ಹಿಂಡಿ ಅದರದೇ. "ಅದನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದು, ಒಂದೇ ಒಂದು ಗೊತ್ತಿರುವ ಜೀನು ಸೇರಿಸಿದ ಬದನೆಗೆ ಹೆದರುತ್ತೀರಲ್ಲ?" ಎಂದು ಅವರು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಪ್ರಯೋಗಾಲಯದ ವಿಧಾನವೊಂದೇ ಆಕ್ಷೇಪಕ್ಕೆ ಕಾರಣವಾಗಲಾರದು.

ಆದರೆ ಬೀಜದ ದಾರಿ ಪ್ರಯೋಗಾಲಯದ ಬಾಗಿಲಲ್ಲೇ ಮುಗಿಯುತ್ತದೆಯೇ?

ನನ್ನ ಕಾಕಾ ಹಾವೇರಿ ಜಿಲ್ಲೆಯ ಎರೆ ಹೊಲದಲ್ಲಿ ಹತ್ತಿ ಬೆಳೆಯುತ್ತಾರೆ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಕೆಲವೇ ವರ್ಷಗಳಲ್ಲಿ ಅವರ ಊರಿನ ಸುತ್ತ ಬೇರೆ ಬೀಜವೇ ಕಾಣದಾಯಿತು. ಮೊದಲ ವರ್ಷಗಳು ನಿಜಕ್ಕೂ ಚೆನ್ನಾಗಿದ್ದವು. ಹಸಿರು ಕಾಯಿಕೊರಕಕ್ಕೆ ವಾರ ವಾರ ಎಣ್ಣೆ ಹೊಡೆಯುವುದು ತಪ್ಪಿತು, ಇಳುವರಿ ಬಂತು, ಮನೆಗೆ ಹೊಸ ಛಾವಣಿ ಬಂತು. ಅದನ್ನು ಅಲ್ಲಗಳೆಯುವವರು ಆ ಮನೆಯನ್ನು ಕಂಡಿಲ್ಲ. 450 ಗ್ರಾಂ ಬೀಜದ ಪಾಕೀಟಿನೊಂದಿಗೆ 120 ಗ್ರಾಮಿನ ಇನ್ನೊಂದು ಸಣ್ಣ ಪಾಕೀಟು ಬರುತ್ತಿತ್ತು: ಬಿಟಿ ಅಲ್ಲದ ಬೀಜ. ಅದನ್ನು ಹೊಲದ ಅಂಚಿನಲ್ಲಿ ಬಿತ್ತಬೇಕು. ಅಲ್ಲಿ ಬದುಕುಳಿದ ಹುಳುಗಳು ಬಿಟಿಯನ್ನು ತಾಳಿಕೊಂಡ ಹುಳುಗಳ ಜೊತೆ ಕೂಡಿದರೆ ನಿರೋಧಕ ಶಕ್ತಿ ಬೆಳೆಯುವುದು ನಿಧಾನವಾಗುತ್ತದೆ ಎಂಬ ಲೆಕ್ಕ. ಕಾಕಾನ ಮನೆಯ ಅಟ್ಟದ ಮೇಲೆ ಆ ಸಣ್ಣ ಪಾಕೀಟುಗಳ ಗುಡ್ಡೆಯೇ ಇತ್ತು, ಒಂದೂ ಒಡೆದಿರಲಿಲ್ಲ. "ಹುಳಕ್ಕ ಅಂತ ಹೊಲಾ ಬಿಡಾಕ ನಾನೇನು ಗೌಡನೇನು?" ಎಂದಿದ್ದರು.

ಆಮೇಲೆ ಗುಲಾಬಿ ಕಾಯಿಕೊರಕ ಬಂತು. ಗುಜರಾತಿನಲ್ಲಿ ಅದು ಮೊದಲ ಬಿಟಿ ಪ್ರೋಟೀನನ್ನು ಜೀರ್ಣಿಸಿಕೊಂಡ ಸುದ್ದಿ 2010ರಲ್ಲಿ ಹೊರಬಿತ್ತು. ಎರಡು ಬಿಟಿ ಜೀನು ಸೇರಿಸಿದ ಹತ್ತಿಯೂ ಕೆಲವೇ ವರ್ಷಗಳಲ್ಲಿ ಸೋತಿತು. ಹೊರಗಿನಿಂದ ನೋಡಿದರೆ ಕಾಯಿ ಹಸಿರಾಗಿ, ಗಟ್ಟಿಯಾಗಿ, ಏನೂ ಆಗಿಲ್ಲದಂತೆ ಇರುತ್ತದೆ. ಕಾಕಾ ಒಂದನ್ನು ಅಂಗೈಯಲ್ಲಿಟ್ಟು ಹಿಚುಕಿ ಒಡೆದು ತೋರಿಸಿದರು. ತೊಳೆಯೊಳಗೆ ಅರಳೆ ಕಂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು. ಎರಡು ಬೀಜಗಳನ್ನು ನೂಲಿನಿಂದ ಸೇರಿಸಿ ಹೊಲಿದಂತೆ ಮಾಡಿಕೊಂಡು, ನಡುವೆ ಸಣ್ಣ ಗುಲಾಬಿ ಹುಳು ಮಲಗಿತ್ತು. ಬೀಜ ತಿನ್ನುತ್ತಿತ್ತು, ಅದೇ ವಿಷವುಳ್ಳ ಬೀಜವನ್ನು.

ತಳಿ ವಿಜ್ಞಾನಿಗೆ ಇದನ್ನು ಹೇಳಿದಾಗ ಅವರು, ಅಟ್ಟದ ಮೇಲಿನ ಪಾಕೀಟು ರೈತನ ತಪ್ಪು, ಜೀನಿನದಲ್ಲ ಎಂದರು. ನಾನು ಬಿಡಲಿಲ್ಲ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇದೇ ಜೀನು ಬಂದದ್ದು ಹೈಬ್ರಿಡ್ ಅಲ್ಲದ ಸಾದಾ ತಳಿಗಳಲ್ಲಿ. ನಮ್ಮಲ್ಲಿ ಹೈಬ್ರಿಡ್‌ನಲ್ಲಿ ಬಂತು. ಹೈಬ್ರಿಡ್ ಆದರೆ ರೈತ ವರ್ಷ ವರ್ಷ ಅಂಗಡಿಗೆ ಬರಲೇಬೇಕು. ಬೀಜ ತುಟ್ಟಿಯಾದ್ದರಿಂದ ಗಿಡಗಳು ವಿರಳ; ವಿರಳವಾದ್ದರಿಂದ ಬೆಳೆ ದೀರ್ಘ; ದೀರ್ಘ ಬೆಳೆಯೆಂದರೆ ಚಳಿಗಾಲದಲ್ಲಿ ಬರುವ ಗುಲಾಬಿ ಹುಳುವಿಗೆ ಊಟ. ಜೀನು ಒಂದೇ, ಗತಿ ಬೇರೆ. ದಾರಿ ಮುಖ್ಯವಲ್ಲ ಎಂದರೆ ಹೇಗೆ?

ಅವರು ಶಾಂತವಾಗಿ ಉತ್ತರಿಸಿದರು: ದೀರ್ಘಾವಧಿಯ ಹೈಬ್ರಿಡ್ ಎನ್ನುವುದೂ ಫಲದ ಗುಣವೇ, ಫಲವನ್ನು ಪರೀಕ್ಷಿಸಿ ಎಂದರೆ ಅದನ್ನೂ ಪರೀಕ್ಷಿಸಿ ಎಂದೇ ಅರ್ಥ, ನಿಮ್ಮ ತಕರಾರು ನನ್ನ ಸೂತ್ರದೊಳಗೇ ಇದೆ. ಇದು ಸರಿಯಾದ ಉತ್ತರ. ಸಾಲದ್ದಕ್ಕೆ ವರಲಕ್ಷ್ಮಿ, ಜಯಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಗಳು ಹುಟ್ಟಿದ್ದೇ ಧಾರವಾಡದಲ್ಲಿ, ಯಾವ ಕುಲಾಂತರಿಯೂ ಇಲ್ಲದ ಕಾಲದಲ್ಲಿ. ಅವುಗಳನ್ನು ನಮ್ಮ ಹಿರಿಯರು ಸಂಭ್ರಮದಿಂದ ಕೊಂಡರು. ಹೈಬ್ರಿಡ್‌ನ ದೋಷವನ್ನು ಜೀನಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹಾಗಿದ್ದರೂ ಅವರು ಗೆದ್ದಂತೆ ನನಗೆ ಅನಿಸುತ್ತಿಲ್ಲ. ಕಾರಣ ಅವರ ಊರಿನದೇ ಒಂದು ಪ್ರಕರಣ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮೊದಲಾದವು ಸೇರಿ ಬಿಕಾನೇರಿ ನರ್ಮಾ ಎಂಬ ತಳಿಯಲ್ಲಿ ಸಾರ್ವಜನಿಕ ಹಣದಿಂದ ಬಿಟಿ ಹತ್ತಿ ರೂಪಿಸಿದವು. ಹೈಬ್ರಿಡ್ ಅಲ್ಲ, ರೈತ ಬೀಜ ಎತ್ತಿಟ್ಟುಕೊಂಡು ಮರುವರ್ಷ ಬಿತ್ತಬಹುದು. 2009ರಲ್ಲಿ ಅದು ಹೊಲ ಸೇರಿದಾಗ ನಾನು ಹಿಗ್ಗಿದ್ದೆ. ಆದರೆ ಅದರಲ್ಲಿ ಮೊನ್ಸಾಂಟೊ ಕಂಪನಿಯ ಜೀನಿನ ಗುರುತು ಪತ್ತೆಯಾಗಿ, ಬೀಜ ಹಿಂದಕ್ಕೆ ಹೋಯಿತು. ಸುಧೀರ್ ಸೋಪೋರಿ ನೇತೃತ್ವದ ಸಮಿತಿ ತನಿಖೆ ನಡೆಸಿತು. ಆ ತನಿಖೆ ಕೇಳಿದ ಪ್ರಶ್ನೆಗಳನ್ನು ಗಮನಿಸಿ. ಈ ಜೀನು ಎಲ್ಲಿಂದ ಬಂತು? ಯಾರ ಪ್ರಯೋಗಾಲಯದ್ದು? ಯಾವ ದಾರಿಯಲ್ಲಿ ಒಳಗೆ ಸೇರಿತು? ಹುಳುವಿಗೂ ಹತ್ತಿಗೂ ಈ ಪ್ರಶ್ನೆಗಳಿಂದ ವ್ಯತ್ಯಾಸವಿಲ್ಲ. ಆದರೂ ಒಡೆತನದ ಮಾತು ಬಂದ ಕೂಡಲೇ ಜೀನಿಗೆ ಮನೆತನ ಬಂತು, ಕುಲಗೋತ್ರ ಬಂತು. ರಾಯಲ್ಟಿ ಕೇಳುವಾಗ ಪೂರ್ವಾಪರ ಬೇಕು, ಉಣ್ಣುವವನು ಕೇಳಿದಾಗ ಬೇಡ ಎನ್ನುವುದು ವಿಜ್ಞಾನವಲ್ಲ. ಅದು ಅಧಿಕಾರದ ಹಂಚಿಕೆ.

"ಬಾವಿಯ ನೀರು ಕುಡಿಯುವಾಗ ಬಾವಿ ತೋಡಿದವರು ಯಾರು ಅಂತ ಕೇಳ್ತೀರೇನು?" ಎಂದು ಅವರು ಒಮ್ಮೆ ಕೇಳಿದ್ದರು. ಕೇಳುತ್ತೇವೆ. ಈ ನಾಡಿನಲ್ಲಿ ಬಾವಿ ಯಾರದು, ಹಗ್ಗ ಯಾರು ಮುಟ್ಟಬಹುದು ಎಂಬ ಪ್ರಶ್ನೆಗೆ ಜನ ಪೆಟ್ಟು ತಿಂದಿದ್ದಾರೆ. ನೀರು ಶುದ್ಧವೇ ಎಂಬ ಪರೀಕ್ಷೆಯಿಂದ ಆ ಪ್ರಶ್ನೆ ಎಂದೂ ಬಗೆಹರಿಯಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನನ್ನ ವಾದ ಗಟ್ಟಿಯಾಗಿ ಕಾಣುತ್ತದೆ. ಬದನೆಯ ವಿಷಯ ಅದನ್ನು ಅಲುಗಾಡಿಸುತ್ತದೆ. 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಸಚಿವ ಜೈರಾಮ್ ರಮೇಶ್ ಊರೂರಲ್ಲಿ ಸಾರ್ವಜನಿಕ ಅಹವಾಲು ಕೇಳಿದರು, ಬೆಂಗಳೂರಿನಲ್ಲೂ ಕೇಳಿದರು; 2010ರ ಫೆಬ್ರುವರಿ 9ರಂದು ತಡೆ ಹಾಕಿದರು. ನಾನು ಅದನ್ನು ಪ್ರಜಾಪ್ರಭುತ್ವದ ಗೆಲುವೆಂದು ಸ್ವಾಗತಿಸಿದವನು, ಈಗಲೂ ಹಾಗೆಯೇ ಅನ್ನುತ್ತೇನೆ. ಆದರೆ ತಡೆ ಹಾಕಿದ್ದು ಬೀಜಕ್ಕೆ, ವಿಷಕ್ಕಲ್ಲ. ಕಾಕಾನ ಹೊಲದ ಪಕ್ಕದಲ್ಲೇ ಬದನೆ ಬೆಳೆಯುವವರೊಬ್ಬರಿದ್ದಾರೆ. ಕುಡಿ ಮತ್ತು ಕಾಯಿ ಕೊರಕಕ್ಕೆ ಅವರು ಮೂಗಿಗೆ ಟವೆಲ್ ಸುತ್ತಿಕೊಂಡು ಎಣ್ಣೆ ಹೊಡೆಯುತ್ತಾರೆ, ಸಂತೆಯ ಹಿಂದಿನ ದಿನವೂ. ಬೇಲಿಯ ಬದಿಯ ಒಂದು ಸಾಲಿಗೆ ಮಾತ್ರ ಹೊಡೆಯುವುದಿಲ್ಲ. ಅದು ಮನೆಗೆ. ಆ ಸಾಲಿನ ಕಾಯಲ್ಲಿ ಹುಳುವಿನ ತೂತುಗಳಿರುತ್ತವೆ. ಅವರ ಹೆಂಡತಿ ಕೊರೆದ ಭಾಗವನ್ನು ಹೆರೆದು ತೆಗೆದು ಎಣ್ಣೆಗಾಯಿ ಮಾಡುತ್ತಾರೆ. ಪೇಟೆಯವರಾದ ನಾವು ತಿನ್ನುವುದು ಇನ್ನುಳಿದ ಸಾಲುಗಳದ್ದು. ತಡೆಯನ್ನು ಬೆಂಬಲಿಸಿದ ನಾನು ಆ ಸಾಲುಗಳಿಗೂ ಜವಾಬು ಹೇಳಬೇಕಲ್ಲವೇ?

ಬಾಂಗ್ಲಾದೇಶ 2013ರಲ್ಲಿ ಅದೇ ಬಿಟಿ ಬದನೆಗೆ ಅನುಮತಿ ಕೊಟ್ಟಿತು. ಅಲ್ಲಿ ಜೀನು ಬಂದದ್ದು ಭಾರತದ ಖಾಸಗಿ ಕಂಪನಿಯಿಂದಲೇ. ಆದರೆ ಅಲ್ಲಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಅದನ್ನು ಹೈಬ್ರಿಡ್ ಅಲ್ಲದ ನಾಲ್ಕು ತಳಿಗಳಲ್ಲಿ ಹೊರತಂದಿತು. ರೈತ ಬೀಜ ಉಳಿಸಿಕೊಳ್ಳಬಹುದು. ನಾನು ಹಾಕಿದ ಷರತ್ತುಗಳೆಲ್ಲ ಅಲ್ಲಿ ಈಡೇರಿವೆ. ಹಾಗಾದರೆ ನಾನು ಅದನ್ನು ಬೆಂಬಲಿಸಲೇಬೇಕು. ಬೆಂಬಲಿಸುತ್ತೇನೆ.

ಆದರೆ ಮಟ್ಟುಗುಳ್ಳ? ಉಡುಪಿಯ ಮಟ್ಟು ಗ್ರಾಮದ ಆ ಗುಂಡನೆಯ ತಿಳಿಹಸಿರು ಬದನೆಯ ಬೀಜವನ್ನು ಸೋದೆಯ ವಾದಿರಾಜರು ಕೊಟ್ಟರೆಂಬ ನಂಬಿಕೆಯಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಬಿಟಿ ಜೀನು ಸೇರಿಸಿದ ಸ್ಥಳೀಯ ತಳಿಗಳಲ್ಲಿ ಕುಡಚಿ ಲೋಕಲ್ ಜೊತೆ ಉಡುಪಿ ಗುಳ್ಳವೂ ಇತ್ತು. ಜೀವವೈವಿಧ್ಯ ಕಾಯ್ದೆ ಕೇಳುವ ಅನುಮತಿಯಿಲ್ಲದೆ ಈ ತಳಿಗಳನ್ನು ಬಳಸಲಾಯಿತೆಂಬ ದೂರು 2010ರಲ್ಲಿ ಎದ್ದಿತು. ದೂರಿನ ಕಾನೂನಿನ ಭಾಗ ನನ್ನ ವಾದಕ್ಕೆ ಹೊಂದುತ್ತದೆ. ಆದರೆ ಅನುಮತಿ ಪಡೆದು, ಬೀಜ ಪುಕ್ಕಟೆ ಕೊಟ್ಟು, ಎಲ್ಲವನ್ನೂ ನ್ಯಾಯವಾಗಿ ಮಾಡಿದರೂ, ಜೀನು ಸೇರಿದ ಗುಳ್ಳವನ್ನು ಮಟ್ಟುಗುಳ್ಳ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಯಾಕೆ ಎಂದು ಕೇಳಿಕೊಂಡರೆ ಕೈಗೆ ಸಿಗುವುದು, ಆರಂಭದಲ್ಲಿ ಒಂದೇ ಮಾತಿನಲ್ಲಿ ಪಕ್ಕಕ್ಕೆ ಸರಿಸಿದ ಶುದ್ಧತೆಯ ಭಾವನೆಯೇ. ಅದಕ್ಕೆ ಇನ್ನೂ ಒಳ್ಳೆಯ ಹೆಸರು ಇರಬಹುದು: ಊರಿನ ನೆನಪು, ತಲೆಮಾರುಗಳ ಆಯ್ಕೆಗೆ ಗೌರವ. ಆ ಗೌರವ ಎಲ್ಲಿ ಮುಗಿದು ಮಡಿ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲು ನನಗೆ ಆಗುತ್ತಿಲ್ಲ.

ರೈತರನ್ನೇ ಕೇಳಿ ಎನ್ನುವುದು ನನ್ನ ಕೊನೆಯ ಆಸರೆಯಾಗಿತ್ತು. 1998ರ ಕೊನೆಯಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರಿನ ಕಡೆ ಬಿಟಿ ಹತ್ತಿಯ ಪ್ರಯೋಗದ ಹೊಲಕ್ಕೆ ಬೆಂಕಿ ಹಚ್ಚಿತು, ರೈತನ ಸ್ವಾತಂತ್ರ್ಯದ ಹೆಸರಿನಲ್ಲಿ. 2019ರಲ್ಲಿ ಮಹಾರಾಷ್ಟ್ರದ ಅಕೋಲಾದಲ್ಲಿ ಶೇತಕರಿ ಸಂಘಟನೆಯವರು ಅನುಮತಿಯಿಲ್ಲದ, ಕಳೆನಾಶಕ ತಾಳುವ ಹತ್ತಿಯನ್ನು ಬಹಿರಂಗವಾಗಿ ಬಿತ್ತಿದರು, ಅದೇ ರೈತನ ಸ್ವಾತಂತ್ರ್ಯದ ಹೆಸರಿನಲ್ಲಿ. ಇಬ್ಬರೂ ಪ್ರಾಮಾಣಿಕರು. ಕಾಕಾನ ಮಗನಿಗೆ ಈ ಎರಡನೆಯವರ ಮಾತೇ ಹಿಡಿಸಿದೆ. ಕಳೆ ತೆಗೆಯುವ ಆಳಿನ ಕೂಲಿ ಅವನಿಗೆ ಗೊತ್ತು. ಆ ಕೂಲಿಯನ್ನೇ ನಂಬಿದ ಹೆಂಗಸರನ್ನು ಎರಡೂ ಸಂಘಟನೆಗಳು ಕೇಳಲಿಲ್ಲ.

ಈಗ ಜೀನ್ ತಿದ್ದಿದ ಭತ್ತ ಬಂದಿದೆ. ಹೊರಗಿನ ಜೀನು ಉಳಿಯದ ತಿದ್ದುಪಡಿಗಳಿಗೆ ಕೇಂದ್ರ ಸರ್ಕಾರ 2022ರಲ್ಲಿ ಕುಲಾಂತರಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಅಂಥ ಎರಡು ತಳಿಗಳನ್ನು ಪ್ರಕಟಿಸಿತು. ಅಕ್ಕಿಯ ಕಾಳನ್ನು ಎಷ್ಟು ಪರೀಕ್ಷಿಸಿದರೂ ಇದು ತಿದ್ದಿದ್ದೋ ತಾನೇ ಬದಲಾದದ್ದೋ ಎಂದು ಹೇಳುವುದು ಕಷ್ಟ. ಹಾಗಾದರೆ ಪೂರ್ವಾಪರವನ್ನು ಪಾಕೀಟಿನ ಮೇಲೆ ಬರೆಯಿರಿ, ದಾಖಲೆ ಇಡಿ ಎಂದು ತಳಿ ವಿಜ್ಞಾನಿಗೆ ಹೇಳಿದೆ. ಅವರು ಕೂಡಲೇ ಒಪ್ಪಿದ್ದು ನನಗೆ ಆಶ್ಚರ್ಯವಾಯಿತು. "ಬರೆಯೋಣ," ಎಂದರು, "ಬರೆದದ್ದನ್ನ ಓದಿ ನಿಮ್ಮ ಕಾಕಾ ಬೇರೆ ಯಾವ ಬೀಜ ಕೇಳಬೇಕು, ಅದನ್ನ ಯಾರು ಕೊಡಬೇಕು, ಅದನ್ನೂ ಹೇಳಿ." ಕಾಕಾನ ಊರಿನ ಅಂಗಡಿಯಲ್ಲಿ ಬಿಟಿ ಅಲ್ಲದ ಹತ್ತಿ ಬೀಜ ಸಿಗುವುದಿಲ್ಲ. ಹಳೆಯ ತಳಿಗಳನ್ನು ಎತ್ತಿಟ್ಟವರು ಆ ಊರಿನಲ್ಲಿ ಯಾರೂ ಉಳಿದಿಲ್ಲ. ಸರ್ಕಾರಿ ತಳಿ ಕೇಂದ್ರಗಳಿಗೆ ಹಣ ಕೊಡಿಸಿ ಎಂದು ಉತ್ತರಿಸಲು ಹೊರಟೆ. ಆ ಕೇಂದ್ರಗಳಲ್ಲೇ ಜೀವನ ಸವೆಸಿದ ಮನುಷ್ಯ ನನ್ನ ಎದುರಿಗೆ ಕುಳಿತಿದ್ದರು. ನಾವಿಬ್ಬರೂ ಅಲ್ಲಿಂದ ಮತ್ತೆ ಮೊದಲಿನಿಂದ ವಾದ ಶುರು ಮಾಡಿದೆವು.