ಪಾಪ ಯಾರ ಲೆಕ್ಕಕ್ಕೆ?

“ಪಾಪ ಬಂದ್ರ ನನಗ ಬರಲಿ ಅಣ್ಣಾ, ನೀವು ಆ ಡಬ್ಬಿ ತಗದ ಒಗೀರಿ.”

ಬೆಳಗಾವಿಯ ಉದ್ಯಮಬಾಗದ ನಮ್ಮ ಗ್ಯಾರೇಜಿನಲ್ಲಿ ಈ ಮಾತು ಈಚೆಗೆ ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. ಡಬ್ಬಿ ಎಂದರೆ ಡಿಪಿಎಫ್, ಡೀಸೆಲ್ ಹೊಗೆಯೊಳಗಿನ ಮಸಿಯನ್ನು ಹಿಡಿದಿಡುವ ಫಿಲ್ಟರು. 2020ರ ಏಪ್ರಿಲ್ 1ರಂದು ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬಂದ ಮೇಲೆ ಮಾರಾಟವಾದ ಡೀಸೆಲ್ ವ್ಯಾನುಗಳಲ್ಲಿ ಸಾಮಾನ್ಯವಾಗಿ ಇದು ಇದ್ದೇ ಇರುತ್ತದೆ. ಮೀಟರಿನಲ್ಲಿ ಸೈಲೆನ್ಸರ್ ಆಕಾರದೊಳಗೆ ಚುಕ್ಕಿಗಳಿರುವ ಹಳದಿ ದೀಪ ಹತ್ತಿತೆಂದರೆ ಫಿಲ್ಟರು ಕಟ್ಟಿಕೊಳ್ಳುತ್ತಿದೆ ಎಂದು ಅರ್ಥ. ಕಂಡೂ ಕಾಣದಂತೆ ಓಡಿಸಿದರೆ ಗಾಡಿ ಪಿಕಪ್ ಕಳೆದುಕೊಳ್ಳುತ್ತದೆ. ತರಕಾರಿ ತುಂಬಿಕೊಂಡು ಚೋರ್ಲಾ ಘಾಟಿನಲ್ಲಿ ನಿಂತುಹೋದ ಗಾಡಿಯ ಚಾಲಕ ಮರುದಿನ ನನ್ನ ಮುಂದೆ ಬಂದು ನಿಲ್ಲುತ್ತಾನೆ. ಫಿಲ್ಟರ್ ತೆಗೆಸಿ, ಸಾಫ್ಟ್‌ವೇರ್ ತಿದ್ದಿಸಿ, ದೀಪ ಎಂದೂ ಹತ್ತದಂತೆ ಮಾಡಿಸಿಕೊಂಡು ಹೋಗುವುದು ಅವನ ಆಸೆ.

ಹಾಗೆ ಕೇಳುವವನು ಕೆಟ್ಟವನೆಂದು ನಾನು ತಿಳಿದಿಲ್ಲ. ಗಾಡಿಯ ಕಂತು ಕಟ್ಟಬೇಕು, ಮಕ್ಕಳ ಫೀಸು ತುಂಬಬೇಕು. ಹೊಸ ಫಿಲ್ಟರಿನ ಬೆಲೆ ಅವನ ಎಷ್ಟೋ ತಿಂಗಳ ದುಡಿಮೆಯನ್ನು ನುಂಗುತ್ತದೆ. ಆದರೆ ಅವನ ಮಾತಿನಲ್ಲಿ ದೊಡ್ಡದೊಂದು ಧರ್ಮಪ್ರಶ್ನೆ ಅಡಗಿದೆ. ಒಬ್ಬನು ಮಾಡಿದ ಹಿಂಸೆಯನ್ನು ಇನ್ನೊಬ್ಬನು ತನ್ನ ಲೆಕ್ಕಕ್ಕೆ ಬರೆಸಿಕೊಳ್ಳಲು ಬರುತ್ತದೆಯೇ? ಯಾರಿಗೆ ನೋವಾಯಿತು ಎಂದೇ ಗೊತ್ತಾಗದಿದ್ದರೆ ಅದನ್ನು ಹಿಂಸೆ ಎನ್ನಬಹುದೇ?

ನಾನು ಜೈನ ಶ್ರಾವಕ, ಅಂದರೆ ಗೃಹಸ್ಥ. ನಮ್ಮಲ್ಲಿ ಗಾಳಿಗೂ ಜೀವವಿದೆ. ವಾಯುವೇ ದೇಹವಾಗಿರುವ ಏಕೇಂದ್ರಿಯ ಜೀವಗಳಿವೆ ಎಂದು ಶಾಸ್ತ್ರ ಹೇಳುವುದರಿಂದ ಮುನಿಗಳು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುವುದಿಲ್ಲ. ಅಷ್ಟು ಎತ್ತರದ ವ್ರತ ಗೃಹಸ್ಥನಿಗೆ ಸಾಧ್ಯವಿಲ್ಲ ಎಂಬುದೂ ಶಾಸ್ತ್ರಕ್ಕೆ ಗೊತ್ತು. ಅದಕ್ಕೇ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡುಗೆ, ಮನೆವಾರ್ತೆಗಳಲ್ಲಿ ಆಗುವುದು ಆರಂಭೀ ಹಿಂಸೆ. ಹೊಟ್ಟೆಪಾಡಿನ ಕೆಲಸದಲ್ಲಿ ಆಗುವುದು ಉದ್ಯೋಗೀ ಹಿಂಸೆ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ ಹಿಂಸೆ. ಬೇಕೆಂದೇ ಮಾಡುವುದು ಸಂಕಲ್ಪೀ ಹಿಂಸೆ. ಮೊದಲ ಮೂರನ್ನು ಗೃಹಸ್ಥ ಆದಷ್ಟು ಕಡಿಮೆ ಮಾಡಿಕೊಳ್ಳಬೇಕು, ನಾಲ್ಕನೆಯದನ್ನು ಪೂರ್ತಿ ಬಿಡಬೇಕು.

ನನ್ನ ಕಸುಬೇನೂ ನಿರ್ಮಲವಲ್ಲ. ಶ್ರಾವಕರು ಬಿಡಬೇಕಾದ 15 ವೃತ್ತಿಗಳ ಪಟ್ಟಿಯೊಂದಿದೆ. ಹನ್ನೆರಡನೆಯ ಶತಮಾನದ ಹೇಮಚಂದ್ರರು ತಮ್ಮ ಯೋಗಶಾಸ್ತ್ರದಲ್ಲಿ ಅದನ್ನು ವಿವರಿಸಿದ್ದಾರೆ. ಅದರಲ್ಲಿ ಶಕಟಕರ್ಮವೂ ಸೇರಿದೆ, ಅಂದರೆ ಬಂಡಿಯಿಂದ ಬದುಕುವ ಕಸುಬು. ಅಂದು ಎತ್ತಿನ ನೋವು, ದಾರಿಯ ಮೇಲಿನ ಸಣ್ಣ ಜೀವಿಗಳ ಸಾವು ಅವರ ಕಣ್ಣಮುಂದಿತ್ತು. ಇಂದು ಬಂಡಿಯ ಹಿಂದಿನ ಹೊಗೆ ನಮ್ಮ ಕಣ್ಣಮುಂದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರ ಜೂನಿನಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಇದು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ಸ್ಪಷ್ಟವಾಗಿ ಹೇಳಿತು. ಹೀಗೆ ತಿಳಿದ ಮೇಲೆ “ನನಗೆ ಗೊತ್ತಿರಲಿಲ್ಲ” ಎನ್ನುವ ಬಾಗಿಲು ಮುಚ್ಚಿತು.

ವ್ಯಾನು ಓಡಿದರೆ ಒಂದಷ್ಟು ಹೊಗೆ ಬಂದೇ ಬರುತ್ತದೆ. ಅದು ಉದ್ಯೋಗೀ ಹಿಂಸೆ. ಡೀಸೆಲ್ ಕಾರುಗಳಿಗೆ ಬಿಎಸ್4ರಲ್ಲಿ ಕಿಲೋಮೀಟರಿಗೆ 25 ಮಿಲಿಗ್ರಾಂ ಇದ್ದ ಕಣಗಳ ಮಿತಿ ಬಿಎಸ್6ರಲ್ಲಿ 4.5 ಮಿಲಿಗ್ರಾಂಗೆ ಇಳಿಯಿತು. ಸೊನ್ನೆಗೆ ಇಳಿಯಲಿಲ್ಲ, ಆದರೆ ಇಳಿಯಿತು. ಗೃಹಸ್ಥನ ಅಣುವ್ರತವೂ, ಅಂದರೆ ಅವನ ಅಳವಿಗೆ ತಕ್ಕ ಸಣ್ಣ ವ್ರತವೂ, ಇದೇ ಜಾತಿಯದು. ಇರುವ ಫಿಲ್ಟರನ್ನು ಗರಗಸ ಹಿಡಿದು ಕೊಯ್ದು ತೆಗೆಯುವುದು ಬೇರೆಯೇ ವರ್ಗಕ್ಕೆ ಸೇರುತ್ತದೆ. ಅಲ್ಲಿ ಯೋಚನೆ ಇದೆ, ಚೌಕಾಸಿ ಇದೆ, ದಿನ ಗೊತ್ತುಮಾಡಿಕೊಳ್ಳುವುದಿದೆ. ನನ್ನ ಮಟ್ಟಿಗೆ ಅದು ಸಂಕಲ್ಪೀ ಹಿಂಸೆ.

ನಮ್ಮ ಮನೆಗಳಲ್ಲಿ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಕುಡಿಯುತ್ತೇವೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಜೋಪಾನವಾಗಿ ಅದೇ ಬಾವಿಯ ನೀರಿಗೆ ಮರಳಿಸಬೇಕೆಂಬುದು ಹಿರಿಯರ ಕಟ್ಟಳೆ. ಬಟ್ಟೆ ಕಟ್ಟಿಕೊಂಡರೆ ತೊಳೆಯುತ್ತೇವೆ, ಹರಿದು ಬಿಸಾಡಿ ಹಾಗೇ ನೀರು ಕುಡಿಯುವುದಿಲ್ಲ. ಡಿಪಿಎಫ್ ಕೂಡ ತನ್ನನ್ನು ತಾನೇ ತೊಳೆದುಕೊಳ್ಳುವಂತೆ ರಚನೆಯಾದ ವಸ್ತು. ಒಳಗೆ ಜೇನುಗೂಡಿನಂಥ ಸೆರಾಮಿಕ್ ಕೊಳವೆಗಳು. ಒಂದರ ಮುಂದಿನ ಬಾಯಿ ಮುಚ್ಚಿದ್ದರೆ ಪಕ್ಕದ್ದರ ಹಿಂದಿನ ಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯನ್ನೇ ತೂರಿ ಹೋಗಬೇಕು, ಮಸಿ ಅಲ್ಲೇ ಉಳಿಯುತ್ತದೆ. ಫಿಲ್ಟರು 600 ಡಿಗ್ರಿಯ ಆಸುಪಾಸು ಕಾದಾಗ ಆ ಮಸಿ ಉರಿದುಹೋಗುತ್ತದೆ. ಇದಕ್ಕೆ ರೀಜನ್ ಎನ್ನುತ್ತೇವೆ. ಗಾಡಿ ಒಂದೇ ಸಮನೆ ಸ್ವಲ್ಪ ಹೊತ್ತು ಓಡಿದರೆ ಮಾತ್ರ ಇದು ಪೂರ್ತಿಯಾಗುತ್ತದೆ. ಮನೆಯಿಂದ ಶಾಲೆಗೆ, ಮಂಡಿಯಿಂದ ಅಂಗಡಿಗೆ ಎಂದು ಊರೊಳಗೇ ಸುತ್ತುವ ವ್ಯಾನಿನಲ್ಲಿ ರೀಜನ್ ಅರ್ಧಕ್ಕೇ ನಿಲ್ಲುತ್ತದೆ, ಮಸಿ ಕೂಡುತ್ತಲೇ ಹೋಗುತ್ತದೆ.

ಶಾಲೆಯ ವ್ಯಾನೊಂದು ಹೀಗೇ ಬಂದಿತ್ತು. ಬೇರೆ ಕಡೆ ಫಿಲ್ಟರ್ ಹೋಗಿದೆ ಎಂದು ಹೇಳಿ ಕಳಿಸಿದ್ದರು. ಸ್ಕ್ಯಾನರ್ ಹಚ್ಚಿ, ಎಂಜಿನ್ ಚಾಲೂ ಮಾಡದೆ ಬರೀ ಚಾವಿ ತಿರುವಿ ನೋಡಿದೆ. ಫಿಲ್ಟರಿನ ಹಿಂದುಮುಂದಿನ ಒತ್ತಡದ ವ್ಯತ್ಯಾಸ ಆಗ ಸೊನ್ನೆ ಇರಬೇಕು. ಎಂಜಿನ್ನೇ ಓಡದಿರುವಾಗ ಒತ್ತಡ ಎಲ್ಲಿಂದ ಬರಬೇಕು? ಆದರೂ ಅಂಕಿ ತೋರಿಸುತ್ತಿತ್ತು. ಸೆನ್ಸರ್ ಕೆಟ್ಟಿತ್ತು, ಅದಕ್ಕೆ ಹೋಗುವ ರಬ್ಬರ್ ಪೈಪು ಕಾವಿಗೆ ಬೆಂದು, ತುದಿಯಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಎರಡನ್ನೂ ಬದಲಿಸಿ, ಗಾಡಿಯನ್ನು ಒಣಹುಲ್ಲಿಲ್ಲದ ಬಯಲಿಗೆ ಒಯ್ದು ಸ್ಕ್ಯಾನರಿನಿಂದಲೇ ರೀಜನ್ ಮಾಡಿಸಿದೆ. ದೀಪ ಆರಿತು. ಆಮೇಲೆ ಚಾಲಕನನ್ನು ಕರೆದು ಸೈಲೆನ್ಸರ್ ಬಾಯೊಳಗೆ ಬೆರಳಾಡಿಸಿ ತೋರಿಸಿದೆ, ಮಸಿ ಹತ್ತಲಿಲ್ಲ. ಫಿಲ್ಟರ್ ಗಟ್ಟಿಯಾಗಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಆ ಪೈಪಿನ ಬಾಯಿ ಇರುವುದು ಗೇಟಿನ ಮುಂದೆ ಸಾಲಾಗಿ ನಿಲ್ಲುವ ಮಕ್ಕಳ ಮೊಣಕಾಲ ಹತ್ತಿರ. ಏಕೇಂದ್ರಿಯ ಜೀವದ ಮಾತು ಹಾಗಿರಲಿ, ಆ ಪಂಚೇಂದ್ರಿಯ ಜೀವಗಳ ಹೆಸರು ಹಿಡಿದು ಕರೆಯಬಲ್ಲ ಚಾಲಕ ಅವನು.

ಪಾಪ ನನಗೆ ಬರಲಿ ಎಂದವನಿಗೆ ನಮ್ಮ ಧರ್ಮದ ಉತ್ತರ ಖಚಿತವಾಗಿದೆ. ಕರ್ಮದ ಬಂಧಕ್ಕೆ ಮೂರು ದಾರಿಗಳಿವೆ: ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿಕೊಂಡದ್ದು. ಕೊಯ್ದ ಮೆಕ್ಯಾನಿಕ್, ಕೊಯ್ಯಿಸಿದ ಮಾಲಕ, ಗೊತ್ತಿದ್ದೂ ಸುಮ್ಮನಿದ್ದು ಅದೇ ಗಾಡಿ ಬಾಡಿಗೆಗೆ ಹಿಡಿದವರು, ಮೂವರಿಗೂ ಅವರವರ ಪಾಲು ಪೂರ್ತಿಯಾಗಿಯೇ ಬರುತ್ತದೆ. ಹಂಚಿಕೊಂಡರೆ ಕಡಿಮೆಯಾಗುವುದಿಲ್ಲ, ಒಬ್ಬ ಹೊತ್ತರೆ ಇನ್ನೊಬ್ಬನಿಗೆ ಹಗುರಾಗುವುದಿಲ್ಲ. ಬಸದಿಯಲ್ಲಿ ಅಭಿಷೇಕಕ್ಕೆ ಕೊಟ್ಟ ಹಣದಿಂದಲೂ ಅದು ತೀರುವುದಿಲ್ಲ.

“ಮುಂದಿನ ಹಳೇ ಲಾರಿ ಕರಿ ಹೊಗೆ ಉಗುಳತದ, ನನ್ನದೊಂದ ಏನ್ ಮಹಾ?” ಎನ್ನುವವರೂ ಇದ್ದಾರೆ. ಲಾರಿಯ ಕರ್ಮ ಲಾರಿಯವನದು. ಅವನ ಹೊಗೆ ನನ್ನ ಹೊಗೆಗೆ ಪರವಾನಗಿಯಾಗುವುದಿಲ್ಲ. ಮೇಲಾಗಿ, ಫಿಲ್ಟರ್ ತೆಗೆದು ದೀಪ ಆರಿಸುವುದರಲ್ಲಿ ಹಿಂಸೆಯ ಜೊತೆಗೆ ಸುಳ್ಳೂ ಇದೆ. ಹೊಗೆ ತಪಾಸಣೆಯ ಯಂತ್ರ ಹೊಗೆ ಎಷ್ಟು ಕಪ್ಪು ಎಂದಷ್ಟೇ ಅಳೆಯುತ್ತದೆ, ಫಿಲ್ಟರ್ ಇದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಸಾಫ್ಟ್‌ವೇರಿಗೆ ಸುಳ್ಳು ಕಲಿಸುವುದನ್ನು ದೊಡ್ಡ ಕಂಪನಿಗಳೂ ಮಾಡಿವೆ. ಪರೀಕ್ಷೆಯ ವೇಳೆಯಲ್ಲಿ ಮಾತ್ರ ಹೊಗೆ ಶುದ್ಧವಾಗುವಂತೆ ಫೋಕ್ಸ್‌ವ್ಯಾಗನ್ ಮಾಡಿದ್ದ ಮೋಸ 2015ರಲ್ಲಿ ಅಮೆರಿಕದಲ್ಲಿ ಬಯಲಾಯಿತು. ಲೋಭ ಮತ್ತು ಮಾಯೆ (ಅಂದರೆ ಕಪಟ), ಆತ್ಮಕ್ಕೆ ಅಂಟುವ ನಾಲ್ಕು ಕಷಾಯಗಳಲ್ಲಿ ಎರಡು, ಅಲ್ಲಿಯೂ ಇಲ್ಲಿಯೂ ಒಂದೇ ಕೆಲಸ ಮಾಡಿವೆ.

ಆದ್ದರಿಂದ ವ್ಯಾನಿನ ಮಾಲಕರಲ್ಲಿ ನನ್ನ ವಿನಂತಿ ಇಷ್ಟು. ಹಳದಿ ದೀಪ ಹತ್ತಿದ ದಿನವೇ ಗಾಡಿಯನ್ನು ಹೆದ್ದಾರಿಗೆ ಒಯ್ದು ಇಪ್ಪತ್ತು-ಮೂವತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಡಿಪಿಎಫ್‌ಗೆಂದು ಕಂಪನಿ ಹೇಳಿದ ಆಯಿಲ್ಲನ್ನೇ ಹಾಕಿಸಿ, ಏಕೆಂದರೆ ಆಯಿಲ್ಲಿನಿಂದ ಬರುವ ಬೂದಿ ಮಸಿಯಂತೆ ಉರಿದುಹೋಗುವುದಿಲ್ಲ. ದೀಪ ಆರದಿದ್ದರೆ, ಇಲ್ಲವೇ ಕೆಂಪು ದೀಪ ಬಂದರೆ ಓಡಿಸುತ್ತ ಕೂಡದೆ ಗ್ಯಾರೇಜಿಗೆ ತನ್ನಿ. ಫಿಲ್ಟರ್ ಬದಲಿಸುವ ಮಾತು ಬಂದರೆ ಸೆನ್ಸರು, ಪೈಪು, ಇಂಜೆಕ್ಟರ್, ಟರ್ಬೊ ನೋಡಿದಿರಾ ಎಂದು ಮೊದಲು ಕೇಳಿ. ಮಸಿ ಹೆಚ್ಚಲು ಮೂಲ ಕಾರಣ ಬಹಳ ಸಲ ಅಲ್ಲೇ ಇರುತ್ತದೆ. ಇಷ್ಟೆಲ್ಲ ಮಾಡಿಯೂ ಹೊಸ ಫಿಲ್ಟರೇ ಬೇಕಾದರೆ ಕಂತಿನ ಮೇಲೆ ಹಣ ಕೊಡಿ, ನಮ್ಮಂಥವರು ಕಾಯುತ್ತೇವೆ. ಕೊಯ್ದು ಒಗೆಯಿರಿ ಎಂದು ಮಾತ್ರ ಯಾವ ಮೆಕ್ಯಾನಿಕ್‌ಗೂ ಹೇಳಬೇಡಿ.