ಜಾತಿ ಕಾಲಂ

ನಮ್ಮ ಕಡೆ ಹೊಸಬರನ್ನು ಕಂಡರೆ ಮೊದಲು ಕೇಳುವ ಪ್ರಶ್ನೆ, "ನಿಮಗೆ ಎಲ್ಲಿ ಆಯಿತು?" ಎಂದು. ಊಟ ಆಯಿತಾ ಎನ್ನುವುದು ಅದರ ನಂತರ. ಮದುವೆಯಾಗಿ ಬೇರೆ ಊರಿಗೆ ಬಂದ ಹೆಂಗಸರೆಲ್ಲ ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಬಾಯಿಪಾಠ ಮಾಡಿಕೊಂಡಿರುತ್ತಾರೆ. ನಾನು ಕಾಸರಗೋಡಿನ ಕಡೆಯವಳು. ಸುಬ್ರಹ್ಮಣ್ಯದ ಆಸುಪಾಸಿಗೆ ಸೊಸೆಯಾಗಿ, ಟೀಚರಾಗಿ ಬಂದು ಮೂವತ್ತು ವರ್ಷ ದಾಟಿತು. ಆದರೂ ಈಗಲೂ ಯಾರಾದರೂ ನನ್ನ ಪರಿಚಯ ಹೇಳುವಾಗ "ಇವರು ಕಾಸರಗೋಡಿನವರು" ಎಂದೇ ಶುರು ಮಾಡುತ್ತಾರೆ. ಅದರಲ್ಲಿ ತಾತ್ಸಾರವೇನೂ ಇಲ್ಲ. ಆದರೆ ಇಲ್ಲಿನ ಮಣ್ಣಿನಲ್ಲಿ ನನ್ನ ಬೇರು ಎಷ್ಟು ಇಂಚು ಇಳಿದಿದೆ ಎಂಬ ಲೆಕ್ಕ ಇನ್ನೂ ಮುಗಿದಿಲ್ಲ ಎಂದು ಅದರ ಅರ್ಥ.

ನಾನು ಬರೆಯಹೊರಟದ್ದು ನನ್ನ ವಿಷಯವಲ್ಲ. ನನ್ನ ಕೈಯಿಂದ ನಡೆದುಹೋದ ಒಂದು ತಪ್ಪಿನ ವಿಷಯ. ಅದು ತಪ್ಪು ಹೌದೋ ಅಲ್ಲವೋ ಎಂದು ಇಷ್ಟು ವರ್ಷವಾದರೂ ನನಗೆ ಸರಿಯಾಗಿ ತೀರ್ಮಾನವಾಗಿಲ್ಲ.

1994ರ ಜೂನ್ ತಿಂಗಳು. ನಾನು ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತಷ್ಟೆ. ನಮ್ಮ ಕಡೆಯ ಜೂನ್ ಮಳೆ ಗೊತ್ತಲ್ಲ, ಕೊಡೆ ಹಿಡಿದರೂ ಹಿಡಿಯದಿದ್ದರೂ ಒಂದೇ. ಆ ಮಳೆಯಲ್ಲಿ ರಬ್ಬರ್ ತೋಟದ ಲೈನ್ ಮನೆಗಳ ಕಡೆಯಿಂದ ಒಬ್ಬಳು ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಒಂದನೆಯ ಕ್ಲಾಸಿಗೆ ಸೇರಿಸಲು ಬಂದಳು. ತಾಯಿ ತೋಟದ ಕೆಲಸಕ್ಕೆ ಹೋಗಿದ್ದಳಂತೆ. ಅಜ್ಜಿಗೆ ತಮಿಳು ಬಿಟ್ಟರೆ ಬೇರೆ ಮಾತಿಲ್ಲ. ನಾನು ದಾಖಲಾತಿ ಪುಸ್ತಕ ತೆಗೆದು ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಎಂದು ಒಂದೊಂದೇ ಕಾಲಂ ತುಂಬಿಸಿದೆ. ಜಾತಿ ಎಂಬಲ್ಲಿಗೆ ಬಂದಾಗ "ಜಾತಿ?" ಎಂದು ಕೇಳಿದೆ. ಅಜ್ಜಿ ನನ್ನ ಮುಖ ನೋಡಿದಳು. ಒಂದು ಕ್ಷಣ ಬಿಟ್ಟು "ತಮಿಳ್" ಎಂದಳು. ನಾನು "ತಮಿಳು" ಎಂದು ಬರೆದೆ. ಹಿಂದೆ ಇನ್ನೂ ಏಳೆಂಟು ಮಂದಿ ತೊಟ್ಟಿಕ್ಕುವ ಕೊಡೆ ಹಿಡಿದು ನಿಂತಿದ್ದರು. ಎಲ್ಲ ಸೇರಿ ಅರ್ಧ ನಿಮಿಷದ ಕೆಲಸ.

ಈ ಜನ ಇಲ್ಲಿಗೆ ಬಂದ ಕಥೆ ನಮ್ಮ ಊರಿನಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ ತಿಳಿಯದು. ನನಗಂತೂ ಆಗ ಗೊತ್ತಿರಲಿಲ್ಲ. ಎಲ್ಲರೂ ಅವರನ್ನು "ಸಿಲೋನಿನವರು" ಎನ್ನುತ್ತಿದ್ದರು, ಕೆಲವರು "ನಿರಾಶ್ರಿತರು" ಎನ್ನುತ್ತಿದ್ದರು. ಯುದ್ಧಕ್ಕೆ ಹೆದರಿ ಓಡಿ ಬಂದವರೆಂದೇ ನಾನು ತಿಳಿದಿದ್ದೆ. ಹಾಗಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಸಿಲೋನಿನ ಗುಡ್ಡಗಳಲ್ಲಿ ಮೊದಲು ಕಾಫಿ, ಆಮೇಲೆ ಚಹಾ ಬೆಳೆಯಲು ತಮಿಳುನಾಡಿನ ಬಡ ಹಳ್ಳಿಗಳಿಂದ ಕೂಲಿಗಳನ್ನು ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಹಿಂದುಳಿದವರು, ದಲಿತರು. ಮೂರು ನಾಲ್ಕು ತಲೆಮಾರು ಅಲ್ಲೇ ಹುಟ್ಟಿ, ಅಲ್ಲೇ ಸೊಪ್ಪು ಕಿತ್ತು, ಅಲ್ಲೇ ಮಣ್ಣಾದರು. ಸಿಲೋನಿಗೆ ಸ್ವಾತಂತ್ರ್ಯ ಬಂದ 1948ರಲ್ಲೇ ಒಂದು ಪೌರತ್ವ ಕಾನೂನು ಬಂತು. ಅದರಿಂದ ಇವರಲ್ಲಿ ಬಹುತೇಕ ಎಲ್ಲರೂ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ನಮ್ಮ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಅವರ ಪ್ರಧಾನಿ ಸಿರಿಮಾವೊ ಬಂಡಾರನಾಯಕೆಯವರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9,75,000 ಜನ. ಅವರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ. ಉಳಿದ 1,50,000 ಜನರ ವಿಷಯ ಆಮೇಲೆ ನೋಡೋಣ ಎಂದರು. 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಅವರನ್ನೂ ಅರ್ಧ ಅರ್ಧ ಪಾಲು ಮಾಡಿದರು. ಅಡಿಕೆ ತೋಟವನ್ನು ಅಣ್ಣ ತಮ್ಮಂದಿರು ಪಾಲು ಮಾಡಿಕೊಳ್ಳುವಾಗಲೂ ಒಂದೊಂದು ಮರಕ್ಕೆ ಇದಕ್ಕಿಂತ ಹೆಚ್ಚು ಜಗಳ ನಡೆಯುತ್ತದೆ.

ಹಾಗೆ ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದವರನ್ನು ದಕ್ಷಿಣ ಭಾರತದ ಬೇರೆ ಬೇರೆ ತೋಟಗಳಿಗೆ ಹಂಚಿದರು. ನಮ್ಮಲ್ಲಿ 1971ರಲ್ಲಿ ಅರಣ್ಯ ಅಭಿವೃದ್ಧಿ ನಿಗಮ ಆರಂಭವಾಯಿತು. ಸುಳ್ಯ, ಪುತ್ತೂರು, ಸುಬ್ರಹ್ಮಣ್ಯದ ಕಡೆ ರಬ್ಬರ್ ತೋಟಗಳಿಗೆ ಕೆಲಸಗಾರರಾಗಿ ಇವರ ಕುಟುಂಬಗಳು ಬಂದವು. ಅಂದರೆ ಇವರು ಓಡಿ ಬಂದವರಲ್ಲ, ಎರಡು ಸರ್ಕಾರಗಳು ಕಾಗದ ಮಾಡಿ ಕಳುಹಿಸಿದವರು. ಭಾರತದ ಪ್ರಜೆಗಳಾಗಿಯೇ ಬಂದವರು. ನಾವು ಮಾತ್ರ ನಿರಾಶ್ರಿತರೆಂದು ಕರೆದೆವು.

ರಬ್ಬರ್ ಕೆಲಸದ ಕಷ್ಟ ಹೊರಗಿನವರಿಗೆ ತಿಳಿಯುವುದಿಲ್ಲ. ಬಿಸಿಲು ಏರಿದರೆ ಹಾಲು ಇಳಿಯುವುದು ಕಡಿಮೆಯಾಗುತ್ತದೆ. ಆದ್ದರಿಂದ ಕತ್ತಲಿರುವಾಗಲೇ ತಲೆಗೆ ದೀಪ ಕಟ್ಟಿಕೊಂಡು ಹೊರಡಬೇಕು. ಒಬ್ಬರಿಗೆ ಸುಮಾರು ಮುನ್ನೂರು ಮರ. ಒಂದೊಂದು ಮರದ ತೊಗಟೆಯನ್ನು ಓರೆಯಾಗಿ, ಒಳಗಿನ ಮರಕ್ಕೆ ಗಾಯವಾಗದಂತೆ ಕೂದಲೆಳೆಯಷ್ಟು ಕೆತ್ತಬೇಕು. ಆಮೇಲೆ ಹಾಲು ಸಂಗ್ರಹ, ಆಸಿಡ್ ಹಾಕಿ ಹೆಪ್ಪುಗಟ್ಟಿಸುವುದು, ಶೀಟು ಮಾಡುವುದು. ಆ ಆಸಿಡ್ಡಿನ ವಾಸನೆ ಸೀರೆಯಿಂದ ಹೋಗುವುದಿಲ್ಲ. ತಾಯಂದಿರು ನಾಲ್ಕು ಗಂಟೆಗೇ ಮನೆ ಬಿಟ್ಟಿರುತ್ತಿದ್ದುದರಿಂದ ಆ ಮಕ್ಕಳು ತಾವೇ ತಲೆ ಬಾಚಿಕೊಂಡು ಶಾಲೆಗೆ ಬರುತ್ತಿದ್ದರು. ಬೈತಲೆ ಯಾವಾಗಲೂ ಸೊಟ್ಟ.

ಈ ಹುಡುಗಿ ಮಾತ್ರ ಬಹಳ ಚುರುಕು. ಒಂದನೆಯ ಕ್ಲಾಸಿನಲ್ಲಿ ನಾನು ಹೂವಿನ ಚಿತ್ರ ತೋರಿಸಿದರೆ "ಪೂ" ಎನ್ನುತ್ತಿದ್ದಳು. ನಾನು "ಪೂ ಅಲ್ಲ, ಹೂ" ಎಂದು ತಿದ್ದುತ್ತಿದ್ದೆ. ತಮಾಷೆ ಏನೆಂದರೆ ಅದೇ ಬೆಂಚಿನಲ್ಲಿ ಕುಳಿತ ತುಳು ಮಕ್ಕಳೂ "ಪೂ" ಎಂದೇ ಹೇಳುತ್ತಿದ್ದರು. ಹಳೆಗನ್ನಡದಲ್ಲಿ ನಮ್ಮದೂ "ಪೂ" ಎಂದೇ ಇತ್ತು ಎಂದು ಬಿ.ಎ.ಯಲ್ಲಿ ಓದಿದ್ದೆ. ಅದೆಲ್ಲ ಪರೀಕ್ಷೆಗೆ ಮಾತ್ರ. ಆರು ತಿಂಗಳೊಳಗೆ ಅವಳು ತುಳುವನ್ನು ತುಳುವರಂತೆ, ಅರೆಭಾಷೆಯನ್ನು ಗೌಡರ ಮಕ್ಕಳಂತೆ ಆಡತೊಡಗಿದಳು. ನನಗೆ ಈ ಅರೆಭಾಷೆ ಬಾಯಿಗೆ ಬರಲು ಐದು ವರ್ಷ ಹಿಡಿಯಿತು.

ಹನ್ನೆರಡು ವರ್ಷ ಕಳೆದು 2006ರಲ್ಲಿ ಅದೇ ಹುಡುಗಿ ಪಿ.ಯು.ಸಿ. ಮುಗಿಸಿ ನನ್ನ ಮುಂದೆ ನಿಂತಿದ್ದಳು. ನರ್ಸಿಂಗ್ ಓದಲು ಮನಸ್ಸಿತ್ತು. ಪರಿಶಿಷ್ಟ ಜಾತಿಯ ಸರ್ಟಿಫಿಕೇಟ್ ಸಿಕ್ಕಿದರೆ ಫೀಸು ಕಡಿಮೆಯಾಗುತ್ತದೆ, ಸ್ಕಾಲರ್‌ಶಿಪ್ ಸಿಗುತ್ತದೆ. ಅವರು ಆದಿ ದ್ರಾವಿಡರು. ಕರ್ನಾಟಕದ ಪಟ್ಟಿಯಲ್ಲೂ ಆದಿ ದ್ರಾವಿಡ ಎಂಬ ಹೆಸರಿದೆ. ಆದರೆ ಅರ್ಜಿ ಹಾಕಿದಲ್ಲಿ ನೂರೆಂಟು ತಕರಾರು. ನಿಮ್ಮ ಹಿರಿಯರು 1950ರಲ್ಲಿ ಎಲ್ಲಿದ್ದರು? ಸಮುದ್ರದ ಆಚೆ. ಮೂಲ ಯಾವ ರಾಜ್ಯ? ತಮಿಳುನಾಡು, ಆದರೆ ಅಲ್ಲಿಯ ಹಳ್ಳಿಯ ಹೆಸರು ಹೇಳುವವರು ಯಾರೂ ಉಳಿದಿಲ್ಲ. ಕೊನೆಗೆ, ಶಾಲೆಯ ದಾಖಲೆಯಲ್ಲಿ ಏನಿದೆ? "ತಮಿಳು" ಎಂದಿದೆ. ತಮಿಳು ಎಂಬುದು ಭಾಷೆ, ಜಾತಿಯಲ್ಲ, ಎಂದು ಕಾಗದ ವಾಪಸು ಬಂತು.

ನಾನು ಹಳೆಯ ಪುಸ್ತಕ ತೆಗೆದು ನೋಡಿದೆ. ನನ್ನದೇ ದುಂಡು ಅಕ್ಷರ. ಮಗು ಶಾಲೆ ಬಿಟ್ಟು ಹೋದ ಮೇಲೆ ಅದನ್ನು ತಿದ್ದುವ ಅಧಿಕಾರ ನನಗಿಲ್ಲ. ತಿದ್ದಿಸಲು ಮೇಲಿನ ಆದೇಶ ಬೇಕು, ಅದಕ್ಕೆ ದಾಖಲೆ ಬೇಕು, ಆ ದಾಖಲೆಗೆ ಮತ್ತೆ ಶಾಲೆಯ ದಾಖಲೆ ಬೇಕು. ಆ ವರ್ಷ ಸರ್ಟಿಫಿಕೇಟ್ ಸಿಗಲಿಲ್ಲ. ಅವಳು ಪುತ್ತೂರಿನ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದಳು.

ಸಹೋದ್ಯೋಗಿಗಳು ಸಮಾಧಾನ ಹೇಳಿದರು. "ನಿಮ್ಮ ತಪ್ಪೇನು? ಅವರು ಹೇಳಿದ್ದನ್ನು ನೀವು ಬರೆದಿರಿ. ನೀವು ಬರೆಯದಿದ್ದರೂ ಇನ್ನೊಂದು ಕಾರಣಕ್ಕೆ ತಿರಸ್ಕರಿಸುತ್ತಿದ್ದರು." ಎರಡೂ ಸತ್ಯ. ಕೆಟ್ಟ ಮನಸ್ಸಿಲ್ಲದೆ, ನಿಯಮ ಮೀರದೆ ಮಾಡಿದ ಕೆಲಸದಿಂದ ಇನ್ನೊಬ್ಬರಿಗೆ ನಷ್ಟವಾದರೆ ಅದರ ಹೊಣೆ ಯಾರದು? ನಮ್ಮ ಹಿರಿಯರು ಅರಿಯದೆ ಮಾಡಿದ ಪಾಪಕ್ಕೂ ಪ್ರಾಯಶ್ಚಿತ್ತ ಇಟ್ಟಿದ್ದರು. ನನಗೆ ಅದು ಮೊದಲೆಲ್ಲ ಪುರೋಹಿತರ ದಕ್ಷಿಣೆಗೆ ಮಾಡಿದ ಉಪಾಯವೆಂದು ಕಾಣುತ್ತಿತ್ತು. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಏಕೆಂದರೆ ನಾನು "ಅರಿಯದೆ" ಮಾಡಿದೆ ಎನ್ನುವುದೂ ಪೂರ್ತಿ ನಿಜವಲ್ಲ. ಅರಿಯಲು ಪ್ರಯತ್ನಿಸಲಿಲ್ಲ ಎನ್ನುವುದು ನಿಜ. ಅದೇ ದಿನ ಸಾಲಿನಲ್ಲಿ ನಿಂತಿದ್ದ ಊರಿನ ಮಕ್ಕಳ ತಂದೆಯರು "ಬ್ರಾಹ್ಮಣ" ಎಂದರೆ ನಾನು ಸುಮ್ಮನಾಗುತ್ತಿರಲಿಲ್ಲ. ಹವ್ಯಕರೋ, ಶಿವಳ್ಳಿಯವರೋ, ಕರಾಡರೋ, ಚಿತ್ಪಾವನರೋ ಎಂದು ಕೇಳದೆ ಬಿಡುತ್ತಿರಲಿಲ್ಲ. ಪುಸ್ತಕಕ್ಕೆ ಬೇಡದಿದ್ದರೂ ಬರಿ ಯಾವುದು, ಗೋತ್ರ ಯಾವುದು ಎನ್ನುವವರೆಗೂ ನಮ್ಮ ಕುತೂಹಲ ಹೋಗುತ್ತದೆ. ಈ ಕುತೂಹಲ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಎಷ್ಟೋ ಜನರನ್ನು ಅದು ಕುಗ್ಗಿಸಿದೆ. ಆದರೆ ಆ ಅಜ್ಜಿಯ ವಿಷಯದಲ್ಲಿ ಮಾತ್ರ ಒಂದು ಪದ ನನಗೆ ಸಾಕಾಯಿತು. ಅವರೆಲ್ಲರೂ ಒಂದೇ ಎಂದು ನನಗನ್ನಿಸಿದ್ದರಿಂದ ಸಾಕಾಯಿತು. ದೂರದಿಂದ ನೋಡಿದರೆ ರಬ್ಬರ್ ತೋಟದ ಮರಗಳೆಲ್ಲ ಒಂದೇ ತರ ಕಾಣುತ್ತವೆ. ಕೆತ್ತುವವರಿಗೆ ಒಂದೊಂದು ಮರದ ಗುಣ ಗೊತ್ತು.

ಇದು ನನಗೆ ಗೊತ್ತಿರಬೇಕಿತ್ತು. 1956ರ ನವೆಂಬರ್ 1ರಂದು ರಾಜ್ಯಗಳನ್ನು ವಿಂಗಡಿಸಿದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ನನ್ನ ತಂದೆ ಮನೆಯ ಅಂಗಳ ಬಿಟ್ಟು ಕದಲದೆಯೇ ಅಲ್ಪಸಂಖ್ಯಾತರಾದರು. ಚಂದ್ರಗಿರಿ ನದಿಯಿಂದ ಉತ್ತರಕ್ಕಿರುವ ಭಾಗ ಕನ್ನಡ ನಾಡಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಬಂತು. ಕಯ್ಯಾರ ಕಿಞ್ಞಣ್ಣ ರೈಗಳು ತೊಂಬತ್ತು ದಾಟಿದ ಮೇಲೂ ಅದೇ ಹಂಬಲದಲ್ಲಿದ್ದು 2015ರಲ್ಲಿ ತೀರಿಕೊಂಡರು. ಕಚೇರಿಯಲ್ಲಿ ತಿಳಿಯದ ಭಾಷೆಯ ಅರ್ಜಿಯ ಮುಂದೆ ನನ್ನ ತಂದೆ ಪೆನ್ನು ಹಿಡಿದು ನಿಲ್ಲುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಕಿಟಕಿಯ ಆಚೆ ನಿಂತು ಗೊತ್ತಿದ್ದವಳು ಕಿಟಕಿಯ ಈಚೆ ಕುಳಿತ ಕೂಡಲೇ ಮರೆತಳು. ನೋವು ಉಂಡವರಿಗೆ ಇನ್ನೊಬ್ಬರ ನೋವು ತಿಳಿಯುತ್ತದೆ ಎನ್ನುತ್ತಾರಲ್ಲ, ನನ್ನ ಅನುಭವದಲ್ಲಿ ಅದು ತಾನಾಗಿ ಆಗುವುದಿಲ್ಲ.

ಇನ್ನೊಂದು ಸಂಶಯವೂ ನನ್ನನ್ನು ಬಿಟ್ಟಿಲ್ಲ. ಅಜ್ಜಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲವೇ? ಜಾತಿ ಎಂಬ ಪದ ತಮಿಳಿನಲ್ಲೂ ಇದೆಯಲ್ಲ. ಹೆಸರಿನ ಜೊತೆಗೆ ಅಂಟಿಕೊಂಡಿದ್ದ ಒಂದು ಕೀಳರಿಮೆಯನ್ನು ಹೊಸ ಊರಿನ ಹೊಸ ಪುಸ್ತಕದಲ್ಲಿ ಬರೆಸಲು ಅವಳಿಗೆ ಮನಸ್ಸಿರಲಿಲ್ಲವೋ ಏನೋ. ಆ ಒಂದು ಕ್ಷಣದ ಮೌನದಲ್ಲಿ ಅವಳು ಮೊಮ್ಮಗಳಿಗೆ ಒಂದು ಬಿಡುಗಡೆ ಕೊಟ್ಟೆನೆಂದು ಭಾವಿಸಿರಬಹುದು. ಹಾಗಿದ್ದರೆ ನಾನು ಕೆದಕಿ ಕೇಳಿದ್ದರೆ ಅದೂ ತಪ್ಪಾಗುತ್ತಿತ್ತು. ಜಾತಿಯನ್ನು ಬಿಟ್ಟರೆ ಸವಲತ್ತಿಲ್ಲ, ಹಿಡಿದುಕೊಂಡರೆ ಮಾನವಿಲ್ಲ. ಇಂಥ ಆಯ್ಕೆಯನ್ನು ಮಳೆಯಲ್ಲಿ ನೆನೆದು ನಿಂತ ಒಬ್ಬ ಮುದುಕಿಯ ಮುಂದಿಟ್ಟು ಅರ್ಧ ನಿಮಿಷದಲ್ಲಿ ಉತ್ತರ ಕೇಳುವ ಕಾಲಂ ಅದು.

ಷಷ್ಠಿಯ ಸಮಯದಲ್ಲಿ ನಾನು ಕುಕ್ಕೆಗೆ ಹೋಗುವುದುಂಟು. ಬ್ರಹ್ಮರಥವನ್ನು ಮಲೆಕುಡಿಯರು ಬೆತ್ತ ಬಿದಿರುಗಳಿಂದ ಕಟ್ಟುವುದನ್ನು ನೋಡುತ್ತಾ ನಿಲ್ಲುತ್ತೇನೆ. ಅಷ್ಟು ಎತ್ತರದ ರಥ, ಎಳೆಯಲು ಹಗ್ಗದ ಬದಲು ಕಾಡಿನ ಬೆತ್ತ. ಅವರ ಕೈ ಇಲ್ಲದೆ ತೇರಿಲ್ಲ. ಆ ದಿನಗಳಲ್ಲಿ ಎಲ್ಲರೂ "ನಮ್ಮ ಮಲೆಕುಡಿಯರು" ಎನ್ನುತ್ತಾರೆ. ಕಾಡಿನ ಒಳಗೆ ಅವರ ಮನೆಗಳಿಗೆ ರಸ್ತೆ, ಕರೆಂಟು ಎಂಬ ಮಾತು ಬಂದಾಗ ಆ "ನಮ್ಮ" ಎಲ್ಲಿಗೆ ಹೋಗುತ್ತದೆಯೋ. ಇವರಂತೂ ಈ ಬೆಟ್ಟದ ಮೂಲದವರು, ಎಲ್ಲಿಂದಲೂ ಬಂದವರಲ್ಲ. ಹಾಗಾದರೆ ಮೊದಲು ಬಂದವರು, ಆಮೇಲೆ ಬಂದವರು ಎಂಬ ಲೆಕ್ಕದಿಂದ ಯಾರೂ ನಮ್ಮವರಾಗುವುದಿಲ್ಲ ಎಂದಾಯಿತು. ಉಪಯೋಗಕ್ಕೆ ಬಂದಷ್ಟು ಹೊತ್ತು ನಮ್ಮವರು. ರಥಕ್ಕೆ ಮಲೆಕುಡಿಯರು, ರಬ್ಬರಿಗೆ ತಮಿಳರು. ಮನೆಯಲ್ಲಿ ಸೊಸೆಯಂದಿರ ಕಥೆಯೂ ಬಹಳ ಬೇರೆಯಲ್ಲ, ಅದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಆ ಅಜ್ಜಿಯನ್ನು ನಾನು ಇನ್ನೊಮ್ಮೆ ಕಂಡದ್ದು ಅಲ್ಲೇ, ದೇವಸ್ಥಾನದ ರಥಬೀದಿಯಲ್ಲಿ. ನಮಗೆ ಸುಬ್ರಹ್ಮಣ್ಯನೆಂದರೆ ನಾಗ. ಅವಳಿಗೆ ವೇಲ್ ಹಿಡಿದ ಮುರುಗ. ಸಿಲೋನಿನಲ್ಲಿ ಕದಿರ್ಕಾಮದ ಮುರುಗನಿಗೆ ಹರಕೆ ಹೊತ್ತು ನಡೆದಿದ್ದಳಂತೆ. ಸರ್ಕಾರದವರು ಎಲ್ಲೆಲ್ಲಿಗೋ ಹಂಚುವಾಗ ತನ್ನನ್ನು ಮುರುಗನ ಊರಿಗೇ ಕಳುಹಿಸಿದರಲ್ಲ ಎಂದು ಅವಳಿಗೆ ಸಂತೋಷವಿತ್ತು. ಮೊಮ್ಮಗಳು ಅದನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅಜ್ಜಿ ತಲೆಯಾಡಿಸುತ್ತಿದ್ದಳು. ಈಗ ಅಜ್ಜಿ ಇಲ್ಲ.

ನಡುವೆ ಎರಡು ಕಡೆ ವರ್ಗವಾಗಿ ನಾನು ಮತ್ತೆ ಅದೇ ಶಾಲೆಗೆ ಬಂದೆ. ಸುಬ್ರಹ್ಮಣ್ಯ ಆಗ ಸುಳ್ಯ ತಾಲೂಕಿನಲ್ಲಿತ್ತು, ಈಗ ಕಡಬಕ್ಕೆ ಸೇರಿದೆ. ನಾವು ಕುಳಿತಲ್ಲೇ ಇದ್ದೇವೆ, ವಿಳಾಸ ಮಾತ್ರ ಬದಲಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಜೂನಿನಲ್ಲಿ ಆ ಹುಡುಗಿ, ಹುಡುಗಿ ಎಂದರೆ ಈಗ ಮೂವತ್ತು ದಾಟಿದ ಹೆಂಗಸು, ತನ್ನ ಮಗನನ್ನು ಒಂದನೆಯ ಕ್ಲಾಸಿಗೆ ಸೇರಿಸಲು ಬಂದಳು. ಮಗನ ಬೈತಲೆ ನೇರವಾಗಿತ್ತು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಬರೆದೆ. ಆ ಕಾಲಂ ಬಂದಾಗ ನಾನು ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದೆ. ಅವಳು ಸ್ವಲ್ಪ ನಕ್ಕಳು.

"ಅಲ್ಲಿ ಈಗ ಏನೂ ಬರೆಯಬೇಡಿ ಟೀಚರ್. ನನ್ನ ತಮ್ಮ ಕಾಗದಕ್ಕೆ ಓಡಾಡ್ತಾ ಇದ್ದಾನೆ. ಸಿಕ್ಕಿದ ಮೇಲೆ ನಾನೇ ತರ್ತೇನೆ."

ಖಾಲಿ ಬಿಡಬಾರದು ಎಂಬ ನಿಯಮವಿದೆ. ನಾನು ಪೆನ್ಸಿಲಿನಲ್ಲಿ ಒಂದು ಚಿಕ್ಕ ಚುಕ್ಕೆ ಇಟ್ಟು ಮುಂದಿನ ಸಾಲಿಗೆ ಹೋದೆ. ಹುಡುಗ ಬಾಗಿಲಲ್ಲಿ ನಿಂತು ನಮ್ಮ ಶಾಲೆಯ ದಾಸವಾಳ ಗಿಡವನ್ನು ನೋಡುತ್ತಿದ್ದ. "ಅಮ್ಮಾ, ಪೂ" ಎಂದ. ನಾನು ತಿದ್ದಲಿಲ್ಲ.